ಕಡೀ ನುಡಿ

ಕ್ರಾಕೋವ್, ಪೋಲಂಡ್
೯ ಜೂನ್ ೨೦೨೫

ಸುರೇಬಾನದ ಶಟ್ಟೆವ್ವಕ್ಕಾರಿಗೆ ಮುರಗೋಡದ ಜಮಾಲಸಾಬನ ಸಲಾಮು.

ಫೋನ್ ಮಾಡಬೇಕಂತ ಎರಡು ಸಲ ಕೈಗೆ ತಗೊಂಡ್ನಿ, ಮತ್ತ ಇಟ್ನಿ. ಫೋನಿನ್ಯಾಗ ನಾ ಒಬ್ಬನ ಒದರಬೇಕು, ಆ ಕಡಿಂದ ನಿಮ್ಮ ಉಸಿರು ಅಷ್ಟ ಕೇಳಸ್ತೈತಿ. ಕೊರಳ ಆಪರೇಶನ್ ಆದ ಮ್ಯಾಲೆ ನಿಮ್ಮ ಜೋಡಿ ಮಾತಾಡೂದಂದ್ರ ಪಾಟಿ, ಇಲ್ಲಂದ್ರ ಕಾಗದ. ಅದಕ್ಕ ಹಾಳಿ ಮ್ಯಾಲೆ ಬರದು, ಫೋಟೋ ಹೊಡದು, ನಿಮ್ಮ ಸೊಸಿ ಪ್ರಣಿತಾನ ಫೋನಿಗೆ ಕಳಸಾಕ ಹತ್ತೇನಿ. ನೀವೂ ಹಂಗ ಮಾಡ್ರಿ. ಆಕಿ ಓದಿ ಹೇಳೂದು ಬ್ಯಾಡ, ನೀವ ಓದ್ರಿ.

ಇಲ್ಲಿ ಎಲ್ಲಾ ಆರಾಮ. ಆರು ವಾರದ ಶಿಬಿರದಾಗ ಎರಡು ವಾರ ಮುಗದಾವು. ಹದಿನಾಲ್ಕು ದೇಶದ ಚರ್ಮವಾದ್ಯದವರನ್ನ ಕೂಡಿಸ್ಯಾರ. ನಮ್ಮ ಕಡಿಂದ ನಾನು, ನನ್ನ ದಪ್ಪು, ಸಾಜಿದ್, ಅವನ ತುಂತುಣಿ. ಸಾಜಿದ್ ನನ್ನ ತಮ್ಮನ ಮಗ ಆದ್ರೂ ಇಲ್ಲಿ ನನಗ ಅಪ್ಪನ ಜಾಗಾದಾಗ ಅದಾನ. ಎಲ್ಲಿ ಟ್ರಾಮ್ ಹತ್ತೂದು, ಯಾವುದರಾಗ ಹಂದಿ ಮಾಂಸ ಇಲ್ಲ, ಎಲ್ಲಾ ಅವನ ಫೋನ್ ಅವನಿಗೆ ಹೇಳತೈತಿ, ಅವ ನನಗ ಹೇಳತಾನ. ಆಲೂಗಡ್ಡಿ ತುಂಬಿದ ಕಡುಬು ಸಿಗತಾವು. ಅದನ್ನ ತಿಂದ ಬದಕೇವಿ. ಬಕ್ರೀದ ಇಲ್ಲೇ ಆತು. ಒಂದು ಸಣ್ಣ ಖೋಲಿಯಾಗ ಇಪ್ಪತ್ತು ಮಂದಿ ನಮಾಜ ಮಾಡಿದ್ವಿ, ಒಬ್ಬರ ಮಾತು ಒಬ್ಬರಿಗೆ ತಿಳೀಲಿಲ್ಲ, ಅಪ್ಪಿಕೊಂಡ್ವಿ.

ಮೊದಲನೇ ದಿವಸ ನಿಮ್ಮ ಹಾಡಿಕಿ ಹೆಂಗಿರತೈತಿ ಹೇಳ್ರಿ ಅಂದ್ರು. ನಾ ಹೇಳಿದ್ನಿ, ಸಾಜಿದ್ ತನ್ನ ಇಂಗ್ಲಿಷಿನ್ಯಾಗ ತಿರುವಿದ. ನಮ್ಮಲ್ಲಿ ಎರಡು ಮೇಳ ಎದುರಾಬದರಾ ನಿಂದರತಾವು. ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ಒಬ್ಬರು ಹಾಡಿನ್ಯಾಗ ಸವಾಲು ಒಗದ್ರ ಇನ್ನೊಬ್ಬರು ಹಾಡಿನ್ಯಾಗ ಉತ್ತರ ಕೊಡಬೇಕು. ಕೊಡಲಿಲ್ಲಂದ್ರ ಸೋತ್ರು. ಗೆದ್ದವರ ಕೈಗೆ ಬೆಳ್ಳಿ ಖಡೆ. ಇಪ್ಪತ್ತೆರಡು ವರ್ಷ ನನ್ನ ಎದುರಿಗೆ ನಿಂತ ನಾಗೇಶಿ ಶಟ್ಟೆವ್ವ ಅಂತ ಹೇಳಿದ್ನಿ. ಆಕಿ ಯಾಕ ಬರಲಿಲ್ಲ ಅಂದ್ರು. ದನಿ ಹೋಗೇತಿ ಅಂದ್ನಿ.  

ಮೊನ್ನೆ ಒಂದು ಚಹಾದಂಗಡ್ಯಾಗ ನಮ್ಮ ದಪ್ಪಿನಂಥಾದ್ದ ಒಂದು ವಾದ್ಯ ನೋಡಿದ್ನಿ. ಅದರ ಮಾತು ಮತ್ತೊಮ್ಮೆ ಬರಿತೇನಿ. ಇಲ್ಲಿ ಥಂಡಿ ಬಾಳ ಐತ್ರಿ, ನಿದ್ದಿ ಹತ್ತವಲ್ದು.

ನಿಮ್ಮ
ಜಮಾಲಸಾಬ


ಸುರೇಬಾನ
೧೨ ಜೂನ್ ೨೦೨೫

ತಮ್ಮಾ ಜಮಾಲ,

ಕಾಗದ ಮುಟ್ಟಿತು. ಪ್ರಣಿತಾ ಅದನ್ನ ಝೆರಾಕ್ಸ್ ಅಂಗಡ್ಯಾಗ ತಗಿಸಿ ಕೈಯಾಗ ಕೊಟ್ಟಳು. ಎರಡು ಸಲ ಓದಿದ್ನಿ. ನಾ ಅಕ್ಷರ ಕಲ್ತದ್ದ ನಲವತ್ತರಾಗ, ನಿನ್ನ ಕಾಲುಬಾಲಿಲ್ಲದ ಅಕ್ಷರ ಓದಾಕ ಹೊತ್ತು ಹತ್ತತೈತಿ.

ಚಹಾದಂಗಡ್ಯಾಗ ಯಾರು ವಾದ್ಯಾ ಇಡತಾರೋ? ನೀ ಸುಳ್ಳು ಹೇಳಬೇಕಂದ್ರ ಮದಲ ಥಂಡಿ ಮಾತು ತಗೀತಿ. ಆ ವರ್ಷ ಸವದತ್ತ್ಯಾಗ ಪದ ಮರತು ನಿಂತಾಗೂ ಥಂಡಿ ಹತ್ತೇತಿ ಅಂದಿದ್ದಿ. ಚೈತ್ರದ ಬಿಸಿಲಾಗ.

ನಿಜ ಬರಿ. ನಾ ನಿನ್ನ ಹೇಣ್ತಿ ದಿಲಶಾದಬಿಗೆ ಹೇಳೂದಿಲ್ಲ. ಹೇಳಬೇಕಂದ್ರೂ ನನಗೆಲ್ಲಿ ಬಾಯಿ ಐತಿ.

ಇಲ್ಲಿ ಮಳಿ ಛಲೋ ಆಗೇತಿ. ಹೆಸರು ಬಿತ್ಯಾರ. ನನ್ನ ದಪ್ಪು ಗ್ವಾಡಿಗೆ ತೂಗ ಹಾಕಿದ್ದ ಹಂಗ ಐತಿ, ಮಳಿಗೆ ಚರ್ಮ ಸಡ್ಲ ಆಗೇತಿ. ಕಾಸೂದು ಬಿಟ್ಟು ಎರಡು ವರ್ಷ ಆತು. ಬಾರಸಾವರು ಇಲ್ಲದ್ದಕ್ಕ ಯಾಕ ಕಾಸಬೇಕು?

ಶಟ್ಟೆವ್ವ


ಕ್ರಾಕೋವ್
೧೪ ಜೂನ್ ೨೦೨೫

ಅಕ್ಕಾರ,

ಸಿಕ್ಕೊಂಡ್ನಿ. ಅದು ಚಹಾದಂಗಡಿ ಅಲ್ರಿ, ಶೆರೆ ಅಂಗಡಿ.

ಪಬ್ ಅಂತಾರ ಅದಕ್ಕ, ಅದರಾಗೂ ಐರಿಷ್ ಪಬ್. ಐರ್ಲಂಡ್ ಅಂತ ಬ್ಯಾರೆ ದೇಶ ಐತಂತ, ಇಲ್ಲಿಂದ ಬಾಳ ದೂರ. ಆ ದೇಶದ ಅಂಗಡಿ ಹೆಂಗಿರತೈತೋ ಹಂಗ ಇಲ್ಲಿ ಮಾಡಿಟ್ಟಾರ. ಮಾಲಕ ಇದೇ ಊರಾಂವ, ಐರ್ಲಂಡ್ ನೋಡೇ ಇಲ್ಲಂತ. ನನಗೇನು ಆಶ್ಚರ್ಯ ಆಗಲಿಲ್ಲ. ಉಡುಪಿ ಎಲ್ಲೈತಿ ಅನ್ನೂದ ಗೊತ್ತಿಲ್ಲದವರು ನಮ್ಮ ಬೈಲಹೊಂಗಲದಾಗ ಉಡುಪಿ ಹೋಟೆಲ್ ಅಂತ ಬೋರ್ಡ್ ಹಾಕಿಲ್ಲೇನ್ರಿ.

ಹಸರ ಬಣ್ಣದ ಬಾಗಲಾ. ಒಳಗ ಕುಂದರಾಕ ಕರೀ ಕಟಗಿ ಬಾಕು, ಶೆರೆ ಬಿಡಾಕ ಹಿತ್ತಾಳಿ ಕೊಳವಿ. ಗ್ವಾಡಿ ತುಂಬ ಹಳೇ ಕುಡಗೋಲು, ಬಂಡಿ ಗಾಲಿ, ಹಾಲಿನ ಕ್ಯಾನು ತೂಗ ಹಾಕ್ಯಾರ. ಮಂದಿ ಮುಂದ ಕರೀ ಶೆರೆ, ಮ್ಯಾಲೆ ಬಿಳೀ ನೊರಿ. ಶಿಬಿರದವರು ಎಲ್ಲಾರನೂ ಸಂಜಿ ಐದಕ್ಕ ಅಲ್ಲಿ ಕರಕೊಂಡ ಹೋಗಿದ್ರು, ವಾದ್ಯ ಕೇಳಸಾಕ. ನಾ ಬಾಗಲದಾಗ ನಿಂತ್ನಿ. ಬಿಸ್ಮಿಲ್ಲಾ ಅಂದು ಒಳಗ ಕಾಲಿಡಬೇಕೋ ತೋಬಾ ಅಂದು ಹಿಂದ ಸರೀಬೇಕೋ ತಿಳೀಲಿಲ್ಲ. ಆವಾಗ ಒಳಗಿಂದ ಚರ್ಮದ ದನಿ ಬಂತು. ನಮ್ಮ ದಪ್ಪಿನ ದನಿ, ಅಕ್ಕಾರ. ಕಾಲು ತಾವ ಒಳಗ ಹೋದವು.

ಐದಾರು ಮಂದಿ ಒಂದು ಮೇಜಿನ ಸುತ್ತ ಕುಂತು ಬಾರಸಾಕ ಹತ್ತಿದ್ರು. ಪಿಟೀಲು, ಕೊಳಲು, ಮತ್ತ ಆ ದಪ್ಪು. ನಮ್ಮದಕ್ಕಿಂತ ಅಗಲ, ಅದನ್ನ ಗೇಣುದ್ದದ ಕೋಲಿನಿಂದ ಬಾರಸತಾರ. ನಾ ಕಣ್ಣ ಅಗಲಿಸಿ ನೋಡೂದು ನೋಡಿ ಒಬ್ಬ ಅದನ್ನ ನನ್ನ ಕೈಯಾಗ ಕೊಟ್ಟ. ಕೋಲು ತಿರುಗಿಸಿ ಕೊಟ್ಟು ಬೆರಳಿಂದ ಬಾರಸಿದ್ನಿ. ಬಾರಸುವಾಗ ಕೈಯಾಗಿನ ಖಡೆ ಕಟ್ಟಿಗೆ ಬಡದು ಟಣ್ ಅಂತಿತ್ತು. ಅವರಿಗೆ ಅದ ಬಾಳ ಛಲೋ ಅನ್ನಿಸ್ತು.

ಆಮ್ಯಾಲೆ ಕೆಂಪು ಶಾಲಿನ ಒಬ್ಬ ಹೆಣ್ಣಮಗಳು ವಾದ್ಯ ನಿಂದರಸಿ, ಕಣ್ಣ ಮುಚ್ಚಿ ಒಂದು ಪದ ಹಾಡಿದಳು. ತಿಳೀಲಿಲ್ಲ, ಆದ್ರ ಎದಿಗೆ ಬಿತ್ತು. ಹಾಡಿ ಮುಗಿಸಿ ಸೀದಾ ನನ್ನ ಕಡಿ ಕೈ ಮಾಡಿದಳು. ನಾ ತಿಳಕೊಂಡ್ನಿ, ಸವಾಲು ಒಗದ್ಲು ಅಂತ. ಹೆಣ್ಣಮಗಳು ಹಾಡಿ ಗಂಡಸಿನ ಕಡಿ ಕೈ ತೋರಿಸಿದ್ರ ಮತ್ತೇನ ತಿಳಕೋಬೇಕ್ರಿ ನಾ? ಎದ್ದು ನಿಂತು ನನ್ನ ಸವಾಲು ಹಾಡೇ ಬಿಟ್ನಿ. ಆಮ್ಯಾಲೆ ಸಾಜಿದ್ ಅಂದ, ದೊಡ್ಡಪ್ಪಾ, ಅದು ಸವಾಲಲ್ಲ, ಈಗ ನಿಮ್ಮ ಪಾಳಿ ಅಂದ್ಲಷ್ಟ. ಎಲ್ಲಾರೂ ನಕ್ಕು ಚಪ್ಪಾಳಿ ಹೊಡದ್ರು. ಬಂದ್ವಿ.

ಕುಡದದ್ದು ಲಿಂಬಿಹಣ್ಣಿನ ಸೋಡಾ. ಖುರಾನಿನ ಆಣಿ.

ಜಮಾಲಸಾಬ


ಕ್ರಾಕೋವ್
೨೦ ಜೂನ್ ೨೦೨೫

ಅಕ್ಕಾರ,

ಆರು ದಿವಸ ಆತು, ನಿಮ್ಮ ಕಾಗದ ಇಲ್ಲ. ಪ್ರಣಿತಾನ್ನ ಕೇಳಿದ್ರ, ಅತ್ತಿ ಬರಿಯಾಕ ಕುಂದರತಾರ, ಹರೀತಾರ, ಮತ್ತ ಕುಂದರತಾರ ಅಂದ್ಲು. ಮತ್ತ ಆಕೀನ ಹೇಳಿದ್ಲು, ಆ ಅಂಗಡ್ಯಾಗಿನ ವಿಡಿಯೋ ಸಾಜಿದ್ ಕಳಿಸಿದ್ದನಂತ, ನೀವು ನೋಡಿದ್ರಂತ.

ಸಿಟ್ಟು ಬಂದೇತಿ ಅಂತ ತಿಳೀತು. ಬರಾಕ ಬೇಕು. ನಿಮ್ಮ ಜೋಡಿ ಇಪ್ಪತ್ತೆರಡು ವರ್ಷ ಹಾಡಿದಾಂವ ಶೆರೆ ಅಂಗಡ್ಯಾಗ ಕುಣದ ಅಂದ್ರ ನಾಕು ಮಂದಿ ಏನಂತಾರ. ಖಾಲಿ ಗ್ಲಾಸು ನನ್ನ ಮುಂದ ಇದ್ದದ್ದು ಕಾಣಸ್ತೈತಲ್ರಿ, ಅದು ಬಾಜೂಕಿನವಂದು. ನಾ ಮುಟ್ಟಿಲ್ಲ. ಆದ್ರೂ ಒಳಗ ಹೋಗಬಾರದಿತ್ತು. ಹೋದದ್ದು ತಪ್ಪು, ಚಹಾದಂಗಡಿ ಅಂದದ್ದು ಇನ್ನೊಂದು ತಪ್ಪು. ಎರಡಕ್ಕೂ ಮಾಫಿ ಕೇಳತೇನಿ.

ಜಮಾಲಸಾಬ


ಸುರೇಬಾನ
೨೨ ಜೂನ್ ೨೦೨೫

ಜಮಾಲ,

ನೀ ಎಲ್ಲಿ ಹೋಗಿ ಏನು ಕುಡದಿ ಅನ್ನೂದು ನಿನಗೂ ನಿನ್ನ ಅಲ್ಲಾಗೂ ಬಿಟ್ಟದ್ದು. ನನಗ ಅದರ ಉಸಾಬರಿ ಇಲ್ಲ.

ವಿಡಿಯೋದಾಗ ನೀ ಸವಾಲು ಅಷ್ಟ ಹಾಡಿಲ್ಲ. ಅದರ ಉತ್ತರಾನೂ ಹಾಡಿದಿ. ನನ್ನ ಉತ್ತರ. ನಾಕೂ ನುಡಿ.

ಕಡೀ ನುಡಿ ನಿನಗ ಹೆಂಗ ಗೊತ್ತಾತು?

ಶಟ್ಟೆವ್ವ


ಕ್ರಾಕೋವ್
೨೩ ಜೂನ್ ೨೦೨೫

ಅಕ್ಕಾರ,

ಅದನ್ನ ಬರಿಯೂದು ಮರತಿತ್ತು. ಸವಾಲು ಹಾಡಿ ನಿಂತ್ನಿ, ಎಲ್ಲಾರೂ ನನ್ನ ಮಾರಿ ನೋಡಾಕ ಹತ್ತಿದ್ರು. ಎದುರಿಗೆ ನೀವು ಇಲ್ಲ. ಬಾಯಿಂದ ಬಿದ್ದ ಸವಾಲಿಗೆ ಉತ್ತರ ಆಗದ ದಪ್ಪು ಕೆಳಗ ಇಡಬಾರದು ಅಂತ ನೀವ ಹೇಳತಿದ್ರಿ. ಅದಕ್ಕ ನಿಮ್ಮ ಪರವಾಗಿ ಹಾಡಿದ್ನಿ. ಹರದೇಶಿ ಆಗಿ ನಾಗೇಶಿ ಪದ ಹಾಡಿದ್ದು ಜೀವಮಾನದಾಗ ಅದ ಮೊದಲು.

ಮೂರು ನುಡಿ ನಿಮ್ಮವು, ಅವು ಎರಡು ವರ್ಷದ ಹಿಂದ ನಿಮ್ಮೂರ ದರ್ಗಾದ ಉರುಸಿನ್ಯಾಗ ಎಲ್ಲಾರೂ ಕೇಳಿದ್ದು. ಕಡೀದ್ದು ನಾನ ಅಲ್ಲೇ ನಿಂತು ಕಟ್ಟಿ ಕೂಡಿಸಿದ್ನಿ. ಅಂದಾಜಿನ ಮ್ಯಾಲೆ. ನಿಮಗ ಸೇರಿರಲಿಕ್ಕಿಲ್ಲ, ತಪ್ಪಿದ್ರ ತಿದ್ದ್ರಿ.

ಇಲ್ಲಿ ಇವತ್ತು ಮಳಿ.

ಜಮಾಲಸಾಬ


ಸುರೇಬಾನ
೨೬ ಜೂನ್ ೨೦೨೫

ಜಮಾಲ,

ನಿನ್ನ ಸವಾಲು ಇದು. ನಾ ಮರತಿಲ್ಲ.

ಮಾತ ಹುಟ್ಟಿದ ಮನಿ ಯಾವುದ ಹೇಳ, ಇಲ್ಲಂದ್ರ ದಪ್ಪ ಇಳಿಸ
ನಾಲಿಗಿ ತಂದಿ, ಉಸಿರ ತಂದಿ, ತಾಯಿ ಎಲ್ಲ್ಯಾಳ ತೋರಿಸ

ನನ್ನ ಉತ್ತರ ಇದು.

ತಾಯಿ ಹೊಟ್ಟ್ಯಾಗ ಕೂಸ ಇದ್ದಾಗ ಅದಕ ಬಾಯಿ ಎಲ್ಲೈತಿ
ಹಡದವ್ವನ ದನಿ ಕೇಳಿ ಕೇಳಿ ಒಳಗ ಕಿವಿ ಬೆಳದೈತಿ
ನಾಲಿಗಿ ಬರೇ ಬಾಗಲ ತಮ್ಮಾ, ಅದು ಆಮ್ಯಾಲೆ ತೆರದೈತಿ

ಇಲ್ಲೀತನಕ ಮಂದಿ ಕೇಳ್ಯಾರ. ಇಲ್ಲಿಗೆ ನನ್ನ ಕೊರಳು ಹಿಡೀತು. ನಾಕನೇದ್ದಕ್ಕ ಬಾಯಿ ತೆರದ್ನಿ. ಏನೂ ಬರಲಿಲ್ಲ ಅಂತ ನನಗನಿಸ್ತು. ಪಂಚರ ಹಿರೇರು ಮಲಕಾಜಪ್ಪ ಮೇಳದ ಪದ್ಧತಿ ಪರಕಾರ ನಿನ್ನ ಕೇಳಿದ್ರು. ಎದುರು ನಿಂತವನ ಕಿವಿಗೆ ಬಿದ್ರ ಉತ್ತರ ಬಂತು ಅಂತ ಲೆಕ್ಕ. ಜಮಾಲ, ನಿನ್ನ ಕಿವಿಗೆ ಬಿತ್ತೇನು ಅಂದ್ರು. ನೀ ಇಲ್ರಿ ಅಂದಿ. ಖಡೆ ನಿನ್ನ ಕೈಗೆ ಹಾಕಿದ್ರು. ಎರಡು ತಿಂಗಳಿಗೆ ಹುಬ್ಬಳ್ಳ್ಯಾಗ ನನ್ನ ದನಿಪೆಟಗಿ ಕೊಯ್ದು ತಗದ್ರು.

ನಾಕನೇ ನುಡಿ ಇದು.

ಆಡಿದವನ ಬಾಯಾಗ ಅಲ್ಲೊ, ಕೇಳಿದವನ ಕಿವಿಯಾಗ ಮಾತ ಹುಟ್ಟೈತಿ

ಇದನ್ನ ನಾ ಎಲ್ಲೂ ಬರದಿಟ್ಟಿಲ್ಲ. ಪ್ರಣಿತಾಗ ತೋರಿಸಿಲ್ಲ. ಪಾಟಿ ಮ್ಯಾಲೂ ಬರದಿಲ್ಲ. ಹುಟ್ಟದ ಕೂಸಿಗೆ ಯಾರೂ ಹೆಸರಿಡೂದಿಲ್ಲ ಅಂತ ಎದಿಯಾಗ ಇಟ್ಟಕೊಂಡಿದ್ನಿ. ಅದನ್ನ ನೀ ಪರದೇಶದ ಶೆರೆ ಅಂಗಡ್ಯಾಗ ನಿಂತು ಒಂದಕ್ಷರ ಆಚೀಚಿ ಆಗದಂಗ ಹಾಡಿದಿ. ಅಂದಾಜಿನ ಮ್ಯಾಲೆ.

ಅಂದಾಜು ಅಷ್ಟು ಛಲೋ ಇದ್ದಾಂವ ಹನ್ನೊಂದು ವರ್ಷ ನನ್ನ ಮುಂದ ಹೆಂಗ ಸೋತ್ಯೋ?

ನಾ ದವಾಖಾನ್ಯಾಗ ಮಲಗಿದ್ದಾಗ ನೀ ಬಂದಿದ್ದಿ. ಬಾಳಿಹಣ್ಣು ತಂದಿದ್ದಿ, ನುಂಗಾಕ ಬರದವಳಿಗೆ. ಪಾಟಿ ಮ್ಯಾಲೆ ನಾ ನಿನಗ ಮದಲ ಬರದ ಮಾತು ಏನು ನೆನಪೈತೇನು? ಕಡೀ ನುಡಿ ಹೊರಗ ಬರಲೇ ಇಲ್ಲೋ ತಮ್ಮಾ ಅಂತ ಬರದಿದ್ನಿ. ನೀ ಏನಂದಿ?

ಶಟ್ಟೆವ್ವ


ಕ್ರಾಕೋವ್
೨೯ ಜೂನ್ ೨೦೨೫

ಅಕ್ಕಾರ,

ಇರಲಿ ಬಿಡ್ರಿ, ಅಂದಿದ್ನಿ. ಅಂದು ಪಾಟಿ ನಿಮ್ಮ ಕೈಯಾಗಿಂದ ತಗೊಂಡು ನನ್ನ ಕರಚೀಫಿನಿಂದ ಒರಸಿದ್ನಿ. ನಿಮಗ ತ್ರಾಸ ಆಗಬಾರದು ಅಂತ ಒರಸಿದ್ನಿ ಅಂತ ಪ್ರಣಿತಾ ತಿಳಕೊಂಡಳು. ಆ ಅಕ್ಷರ ನನ್ನ ಮಾರಿ ನೋಡೂದು ತಾಳಲಾರದ ಒರಸಿದ್ದು.

ನನ್ನ ಕಿವಿಗೆ ಬಿದ್ದಿತ್ತು.

ಬರದ್ನಿ. ಈಗ ಪೂರಾ ಬರಿತೇನಿ, ಓದಿ ಸುಟ್ಟರೂ ನಡೀತೈತಿ.

ಅವತ್ತು ನೀವು ಮೂರು ಮೊಳ ದೂರ ನಿಂತಿದ್ರಿ. ಮೂರನೇ ನುಡಿಗೆ ದನಿ ಹರೀತು. ಮಂದಿ ಗದ್ದಲ ಮಾಡಿದ್ರು. ನಾಕನೇದ್ದು ಬರೇ ಉಸಿರಿನ್ಯಾಗ ಬಂತು. ದನಿ ಇರಲಿಲ್ಲ, ಆದ್ರ ಮಾತು ಇತ್ತು. ಆಡಿದವನ ಬಾಯಾಗ ಅಲ್ಲೊ ಅಂದ್ರಿ, ನಿಮ್ಮ ಉಸಿರು ನನ್ನ ಮಾರಿಗೆ ಬಡೀತು. ಅಕ್ಷರ ಅಕ್ಷರ ಕೇಳಿದ್ನಿ. ಎಂಥಾ ಉತ್ತರ ಕೊಟ್ಟಳಲ್ಲೋ ಈಕಿ ಅಂತ ಮೈ ಝುಮ್ ಅಂತು. ಅದ ಹೊತ್ತಿಗೆ ಮಲಕಾಜಪ್ಪ ಕೇಳಿದ್ರು.

ಹನ್ನೊಂದು ವರ್ಷ ಆ ಬಯಲಿನ್ಯಾಗ ಖಡೆ ನಿಮ್ಮ ಕೈಗೇ ಹೋಗಿತ್ತು. ಪ್ರತಿ ವರ್ಷ ನಾ ಬರಿಗೈಲೆ ಮುರಗೋಡದ ಬಸ್ಸು ಹತ್ತತಿದ್ನಿ. ನನಗ ಒಂದ ಸಲ ಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡೇನಿ, ಇಲ್ಲ. ಮುಂದಿನ ವರ್ಷ ಅಕ್ಕ ಹೆಂಗೂ ಕಸಗೋತಾಳ, ಇದೊಂದು ಸಲ ಇರಲಿ ಅಂದುಕೊಂಡು ಇಲ್ರಿ ಅಂದ್ನಿ. ಮುಂದಿನ ವರ್ಷ ನಿಮಗ ಕೊರಳ ಇರೂದಿಲ್ಲ ಅಂತ ನನಗ ಹೆಂಗ ಗೊತ್ತಿರಬೇಕು. ಗೊತ್ತಿದ್ರ ಹೌದು ಅಂತಿದ್ನೇನು? ಅದೂ ಆಣಿ ಮಾಡಿ ಹೇಳಾಕ ಆಗವಲ್ದು.

ದವಾಖಾನ್ಯಾಗ ಹೇಳಬೇಕಾಗಿತ್ತು. ಮನಿಗೆ ಬಂದ ಮ್ಯಾಲೆ ಹೇಳಬೇಕಾಗಿತ್ತು. ಶಿಬಿರದವರು ಉರುಸಿನ್ಯಾಗ ಗೆದ್ದ ಮೇಳ ಯಾವುದು ಅಂತ ಹುಡಿಕ್ಯಾಡಿಕೊಂಡು ನಮ್ಮ ಮನಿಗೆ ಬಂದ್ರಲ್ಲ, ಅವತ್ತರ ಹೇಳಬೇಕಾಗಿತ್ತು. ನಿಮ್ಮ ಖಡೆ ಹಾಕ್ಕೊಂಡು ವಿಮಾನ ಹತ್ತಿದ್ನಿ. ಹತ್ತುವಾಗ ಪೊಲೀಸರು ಅದನ್ನ ಬಿಚ್ಚಸಿ ಬುಟ್ಟ್ಯಾಗ ಇಡಸಿದ್ರು.  ಇವರಿಗೂ ಗೊತ್ತಾತೇನ ಅಂದುಕೊಂಡ್ನಿ.

ಆ ಅಂಗಡ್ಯಾಗ ಮೂರು ನುಡಿ ಹಾಡಿ ನಿಂದರಬೇಕಂತಿದ್ನಿ. ಬಾಯಿ ಕೇಳಲಿಲ್ಲ. ಎರಡು ವರ್ಷ ದಿವಸಾ ಒಳಗ ಕೇಳಿದ್ದು, ಮೂರರ ಹಿಂದ ನಾಕನೇದ್ದು ತಾನ ಹೊರಗ ಬಂತು. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಆ ಚಪ್ಪಾಳಿ ನಿಮ್ಮವು ಅಕ್ಕಾರ. ನಾ ನಗಕೋತ ತಗೊಂಡ್ನಿ, ವಿಡಿಯೋದಾಗ ನೋಡೀರಿ.  

ನಿಮಗ ಹೇಳಬೇಕಂತ ಕುಂತು ಶೆರೆ ಅಂಗಡಿ ತಪ್ಪು ಒಪ್ಪಿಕೊಂಡ್ನಿ. ಅದನ್ನ ಒಪ್ಪಿದ್ರ ಇದು ಮುಚ್ಚಿ ಹೋಗತೈತಿ ಅಂತ. ನೀವು ಕೇಳಿದಾಗ ನಾನ ಕಟ್ಟಿದ್ನಿ ಅಂತ ಅದನ್ನೂ ಕಸಗೊಂಡ್ನಿ. ನಿಮ್ಮ ಖಡೆ ಹೋತು, ದನಿ ಹೋತು, ಉಳದದ್ದ ಒಂದು ನುಡಿ, ಅದಕ್ಕೂ ಕೈ ಹಾಕಿದ್ನಿ.

ಮಾಫಿ ಅಂತ ಬರಿಯಾಕ ಕೈ ಏಳವಲ್ದು.

ಜಮಾಲ


ಸುರೇಬಾನ
೭ ಜುಲೈ ೨೦೨೫

ಜಮಾಲ,

ನಿನ್ನ ಕಾಗದ ಬಂದ ದಿವಸ ನಾ ಉಣ್ಣಲಿಲ್ಲ. ಮರುದಿವಸ ಪ್ರಣಿತಾ ಸಿಟ್ಟಿಗೆದ್ದು ಗಂಜಿ ಕುಡಸಿದಳು. ಆಕಿಗೆ ಎಲ್ಲಾ ತೋರಿಸಿದ್ನಿ. ಆಕಿ ನಿನಗ ಬೈದ ಬೈಗಳ ಬರಿಯೂದಿಲ್ಲ, ನನ್ನ ಅಕ್ಷರ ಸಾಲೂದಿಲ್ಲ.

ನನಗ ಸಿಟ್ಟು ಖಡೆ ಮ್ಯಾಲಿಲ್ಲ. ಹನ್ನೊಂದು ಅದಾವು ನನ್ನ ಟ್ರಂಕಿನ್ಯಾಗ, ಹನ್ನೆರಡನೇದ್ದು ಏನು ಮಾಡಲಿ. ಪರದೇಶದ ಮ್ಯಾಲೂ ಇಲ್ಲ. ನನ್ನ ಸಿಟ್ಟು ಕೇಳು. ಎರಡು ವರ್ಷ ದಿವಸಾ ಮುಂಜಾನೆ ಕನ್ನಡಿ ಮುಂದ ನಿಂತು ಬಾಯಿ ತಗದು ಆ ನುಡಿ ಅಂದು ನೋಡೇನಿ. ಅವತ್ತು ಹೊರಗ ಬಂದಿತ್ತೋ ಇಲ್ಲೋ. ಹುಟ್ಟಿ ಸತ್ತಿತೋ, ಹುಟ್ಟಲೇ ಇಲ್ಲೋ. ನಲವತ್ತು ವರ್ಷ ಹಾಡಿದವಳು ಕಡೀಕ ಬಾಯಿ ತಗದು ಸುಮ್ಮನ ನಿಂತಳು ಅಂತ ಮಂದಿ ನೆನಸ್ತಾರಲ್ಲ ಅಂತ ಒಲಿ ಮುಂದ ಕುಂತು ಅತ್ತೇನಿ. ಅಳೂದಕ್ಕೂ ದನಿ ಬೇಕಾಗತೈತಿ ಜಮಾಲ, ಇಲ್ಲಂದ್ರ ಅತ್ತಂಗ ಆಗೂದಿಲ್ಲ.

ನಾ ಸತ್ತಿತು ಅಂತ ಅತ್ತದ್ದು ನಿನ್ನ ಕಿವಿಯಾಗ ಜೀವಂತ ಇತ್ತು. ನೀ ದಿವಸಾ ಕೇಳತಿದ್ದಿ. ಅದನ್ನ ನನಗ ಹೇಳಲಿಲ್ಲ. ಇದು ನನ್ನ ಸಿಟ್ಟು.

ಮಾಫಿ ನೀ ಕೇಳಿಲ್ಲ, ಛಲೋ ಆತು. ಕಾಗದದಾಗ ಕೇಳಿದ್ರ ಕಾಗದದಾಗ ಕೊಡಬೇಕಾಗತಿತ್ತು. ಇಲ್ರಿ ಅಂತ ನೀ ಎಲ್ಲಿ ನಿಂತು ಅಂದಿ? ಬಯಲಿನ್ಯಾಗ, ಮಂದಿ ಮುಂದ. ಅಲ್ಲೇ ಬಾ.

ನಾ ಮಲಕಾಜಪ್ಪಗ ಹೇಳಿ ಕಳಿಸೇನಿ. ಜುಲೈ ಇಪ್ಪತ್ತೇಳು, ರವಿವಾರ ಮಧ್ಯಾಹ್ನ, ಅದ ದರ್ಗಾದ ಬಯಲು, ಅದ ಪಂಚರು. ನೀ ನಿನ್ನ ಸವಾಲು ಹಾಡು. ನಾ ಎದುರಿಗೆ ನಿಂತು ಬಾಯಿ ಅಲ್ಲಾಡಸತೇನಿ. ನಿನ್ನ ಕಿವಿಗೆ ಏನು ಬೀಳತೈತೋ ಅದನ್ನ ಎಲ್ಲಾರಿಗೂ ಕೇಳುವಂಗ ಹಾಡು.

ಬರೂದಿಲ್ಲ ಅಂದ್ರ ಹೇಳು. ಥಂಡಿ ಹತ್ತೇತಿ ಅಂತ ಬರದ್ರ ಸಾಕು, ತಿಳಕೋತೇನಿ.

ಶಟ್ಟೆವ್ವ


ಮುರಗೋಡ
೧೪ ಜುಲೈ ೨೦೨೫

ಅಕ್ಕಾರ,

ಮೊನ್ನೆ ಊರಿಗೆ ಬಂದು ಮುಟ್ಟಿದ್ನಿ. ದಿಲಶಾದಬಿಗೆ ಎಲ್ಲಾ ಹೇಳಿದ್ನಿ. ಕೇಳಿ ಒಂದ ಮಾತಂದ್ಲು, ಎರಡು ವರ್ಷ ಆ ಖಡೆ ನಾನ ಹುಣಸೀಹಣ್ಣು ಹಚ್ಚಿ ತಿಕ್ಕಿ ಬೆಳಗೇನಿ ಅಂತ. ಆಮ್ಯಾಲೆ ನನ್ನ ಜೋಡಿ ಮಾತು ಬಿಟ್ಟಾಳ.

ಊರಾಗ ಮಂದಿ ಮಾಲಿ ತಂದಿದ್ರು, ಪರದೇಶದಾಗ ಹಾಡಿ ಬಂದಾನ ಅಂತ. ಹಾಕಿಸಿಕೊಳ್ಳಲಿಲ್ಲ. ಇಪ್ಪತ್ತೇಳರ ರವಿವಾರ ಆದ ಮ್ಯಾಲೆ ಹಾಕ್ರಿ, ಆವಾಗೂ ಹಾಕಬೇಕಂತ ಅನಿಸಿದ್ರ ಅಂದ್ನಿ. ಏನು ತಿಳಕೊಂಡ್ರೋ.

ಬರತೇನಿ. ಥಂಡಿ ಇಲ್ಲ.

ಜಮಾಲ


ಸುರೇಬಾನ
೨೮ ಜುಲೈ ೨೦೨೫

ತಮ್ಮಾ ಜಮಾಲ,

ನಿನ್ನೆ ನೀ ಓಡಿದಂಗ ಬಸ್ಸು ಹತ್ತಿ ಹೋದಿ. ನಾ ಪಾಟಿ ಹಿಡಕೊಂಡು ಹುಡುಕೂದರಾಗ ನೀ ಇಲ್ಲ. ಅದಕ್ಕ ಬರಿಯೂದಾತು.

ನಿನಗ ಬಾಳ ಮಂದಿ ಕಂಡಿರಲಿಕ್ಕಿಲ್ಲ, ನೀ ತಲಿ ಕೆಳಗ ಹಾಕಿದ್ದಿ. ಬಯಲು ತುಂಬಿತ್ತು. ಮಲಕಾಜಪ್ಪ ಎರಡು ವರ್ಷದಾಗ ಮುದುಕ ಆಗ್ಯಾರ, ಅವರನ್ನ ಇಬ್ಬರು ಹಿಡಕೊಂಡ ಬಂದು ಕುಂದರಸಿದ್ರು. ನೀ ದಪ್ಪು ತಗೊಳ್ಳೂಕಿಂತ ಮದಲ ಅವರ ಮುಂದ ನಿಂತು, ಅವತ್ತು ನನ್ನ ಕಿವಿಗೆ ಬಿದ್ದಿತ್ತು, ಬೀಳಲಿಲ್ಲ ಅಂತ ಸುಳ್ಳು ಹೇಳಿದ್ನಿ ಅಂದಿ.  ನೀ ಅಷ್ಟು ಮೆಲ್ಲಕ ಅಂದಿ ಅಂದ್ರ, ಮಲಕಾಜಪ್ಪ ಕಿವಿಗೆ ಕೈ ಹಚ್ಚಿ, ಏನಂದಿ, ಕೇಳಲಿಲ್ಲ ಅಂದ್ರು. ನೀ ಮತ್ತೊಮ್ಮೆ ದೊಡ್ಡ ದನೀಲೆ ಅನಬೇಕಾತು. ಅದನ್ನ ನೋಡಿ ನನಗ ತುಸು ನಗಿ ಬಂತು, ಸುಳ್ಳು ಯಾಕ ಹೇಳಲಿ.

ಆಮ್ಯಾಲೆ ಸವಾಲು ಹಾಡಿದಿ. ನಾ ಎದುರಿಗೆ ನಿಂತ್ನಿ, ಮೂರು ಮೊಳ ದೂರ. ಬಾಯಿ ಅಲ್ಲಾಡಿಸಿದ್ನಿ. ನಿನ್ನ ಕಣ್ಣು ನನ್ನ ತುಟಿ ಬಿಟ್ಟು ಸರೀಲಿಲ್ಲ. ಒಂದು ನುಡಿ ನಾ, ಒಂದು ನುಡಿ ನೀ. ಮೂರು ಮುಗದವು.

ನಾಕನೇದ್ದು ನಾ ಬದಲ ಮಾಡಿದ್ನಿ. ಅದನ್ನ ನಿನಗ ಹೇಳಿರಲಿಲ್ಲ. ನೀ ಬಾಯಿಪಾಠ ಹಾಡತಿ ಏನು ನನ್ನ ಕೇಳಿ ಹಾಡತಿ ಅಂತ ನನಗ ಗೊತ್ತಾಗಬೇಕಿತ್ತು.

ನೀ ತಡದಿ. ದಪ್ಪಿನ ಮ್ಯಾಲೆ ನಿನ್ನ ಬೆರಳ ನಿಂತವು. ನನ್ನ ಮಾರಿ ನೋಡಿದಿ. ಹಳೇ ನುಡಿ ಹಾಡಿದ್ರ ಯಾರಿಗೂ ತಿಳೀತಿರಲಿಲ್ಲ, ನಿನ್ನ ಮಾನಾನೂ ಅಷ್ಟಕ್ಕ ಉಳೀತಿತ್ತು. ನನಗ ಒಬ್ಬಾಕಿಗೆ ಗೊತ್ತಾಗತಿತ್ತು, ಮತ್ತ ನನ್ನ ಕಡಿ ಹೇಳಾಕ ಬಾಯಿಲ್ಲ. ನೀ ಕಣ್ಣ ಮುಚ್ಚಿ, ಕೊರಳ ಬಿಟ್ಟು ಹಾಡಿದಿ.

ಕೇಳಲಿಲ್ಲಂದ ಗಂಡಿನ ಕಿವಿಯಾಗ ಎರಡ ವರ್ಷ ಬದುಕೈತಿ

ಒಂದಕ್ಷರ ತಪ್ಪಲಿಲ್ಲ. ಮಲಕಾಜಪ್ಪ ಎದ್ದು ನಿಂತು, ಬಿತ್ತು, ನನ್ನ ಕಿವಿಗೂ ಬಿತ್ತು ಅಂದ್ರು. ಹೆಣ್ಣಮಕ್ಕಳು ಅಳಾಕ ಹತ್ತಿದ್ರು. ನನಗ ಅಳು ಬರಲಿಲ್ಲ. ನನ್ನ ದನಿ ನಾ ಎರಡು ವರ್ಷದ ಮ್ಯಾಲೆ ಕೇಳಿದ್ನಿ. ನಿನ್ನ ಒಡಕ ಗಂಟಲದಾಗ ಕೇಳಿದ್ನಿ, ಆದ್ರೂ ಅದು ನಂದ ಆಗಿತ್ತು.

ಪಂಚರು ನಿನ್ನ ಕೈಯಾಗಿಂದ ಬಿಚ್ಚಿಸಿ ನನಗ ಕೊಟ್ಟ ಖಡೆ ನನ್ನ ಕೈಗೆ ಸಡ್ಲ ಆಗತೈತಿ, ಮೊಳಕೈತನಕ ಏರತೈತಿ. ದಪ್ಪಿಗೆ ಕಟ್ಟೇನಿ. ಇವತ್ತ ಮುಂಜಾನೆ ಪ್ರಣಿತಾ ದಪ್ಪು ಕೆಳಗ ಇಳಿಸಿ ಒಲಿ ಮುಂದ ಹಿಡದು ಕಾಸಿದಳು. ಬೆರಳ ಇಟ್ಟು ನೋಡಿದ್ನಿ, ಇನ್ನೂ ಬಿಗಿ ಆಗತೈತಿ.

ಮಾಫಿ ಕೊಟ್ಟೇನೋ ಇಲ್ಲೋ ಅಂತ ನೀ ಕೇಳಲಿಲ್ಲ, ನಾನೂ ಹೇಳೂದಿಲ್ಲ. ಅದಿನ್ನೂ ನನ್ನ ಒಳಗ ಬಗೀಹರಿದಿಲ್ಲ. ಆದ್ರ ಇನ್ನೊಂದು ಐತಿ. ನಿನ್ನೆ ಹಾಡಿಕಿ ಆದ ಮ್ಯಾಲೆ ಮುನ್ನೂರು ಮಂದಿ ಉಂಡು ಹೋದ್ರು. ನಿನಗಂತ ಬ್ಯಾರೆ ತಾಟಿನ್ಯಾಗ ಮುಚ್ಚಿ ಇಟ್ಟಿದ್ನಿ. ಅದು ಸಂಜೀತನಕ ಮುಚ್ಚಿದ್ದು ಮುಚ್ಚಿದಂಗ ಇತ್ತು. ಎದುರಿಗೆ ಹಾಡಿದಾಂವ ಉಣ್ಣದ ಹೋದ ಅಂತ ಇಪ್ಪತ್ತೆರಡು ವರ್ಷದಾಗ ಒಮ್ಮೆಯೂ ಆಗಿರಲಿಲ್ಲ. ಅದಕ್ಕ ಮಾತ್ರ ನಿನಗ ಮಾಫಿ ಇಲ್ಲ.

ನಾಳಿ ಪಂಚಮಿ. ಶೇಂಗಾ ಉಂಡಿ ಕಟ್ಟೇನಿ, ಎಳ್ಳಿನೂ ಕಟ್ಟೇನಿ. ತವರಿಂದ ಕರಿಯಾಕ ಬರಾವರು ನನಗ ಯಾರೂ ಉಳದಿಲ್ಲ. ತಮ್ಮ ಅಂತ ಇರಾಂವ ನೀ ಒಬ್ಬ, ಅದೂ ಸುಳ್ಳಬುರುಕ. ಬೆಳಗಿನ ಬಸ್ಸಿಗೆ ಬಾ, ದಿಲಶಾದಬೀನ್ನೂ ಕರಕೊಂಡ ಬಾ. ಬಾಗಲದಾಗ ನಿಂತು ಕರಿಯಾಕ ನನಗ ದನಿ ಇಲ್ಲ. ಕರದ್ನಿ ಅಂತ ತಿಳಕೊಂಡು ಒಳಗ ಬಾ.

ನಿನ್ನ ಅಕ್ಕ
ಶಟ್ಟೆವ್ವ